ದನ ಕುಂಟಿದಾಗ: ಕಾರಣವನ್ನರಿತು ಆರೈಕೆ

ಒಕ್ಕಲುತನವನ್ನೇ ಕಾಯಕವೆಂದು ನಂಬಿದ ಮನೆಗಳಲ್ಲಿ ಎತ್ತನ್ನು ಬಸವಣ್ಣನೆಂದೇ ಕರೆಯುವುದು ವಾಡಿಕೆ. ಕಾರಹುಣ್ಣಿಮೆಯಂದು ಮೈ ತೊಳೆದು, ಕೋಡಿಗೆ ಬಣ್ಣ ಬಳಿದು ಪೂಜಿಸುತ್ತೇವೆ. ಆದರೆ ಅದೇ ಎತ್ತು ಕಾಲೆಳೆದು ನಡೆಯತೊಡಗಿದಾಗ ‘ಎಲ್ಲೋ ಉಳುಕಿರಬೇಕು, ಎರಡು ದಿನದಲ್ಲಿ ಸರಿಹೋದೀತು’ ಎಂದು ಸುಮ್ಮನಾಗುವುದುಂಟು. ಕುಂಟುವಿಕೆ ಸ್ವತಃ ರೋಗವಲ್ಲ, ಬೇರೊಂದು ತೊಂದರೆಯ ಲಕ್ಷಣ. ಆ ತೊಂದರೆಯು ಗೊರಸಿಗೆ ಹೊಕ್ಕ ಮುಳ್ಳಾಗಿರಬಹುದು. ಒಂದೆರಡು ದಿನಗಳಲ್ಲಿ ಪ್ರಾಣ ತೆಗೆಯುವ ವ್ಯಾಧಿಯೂ ಆಗಿರಬಹುದು. ಈ ಭೇದವನ್ನು ಅರಿತಿರುವುದು ದನ ಸಾಕುವ ಪ್ರತಿಯೊಬ್ಬರಿಗೂ ಅವಶ್ಯಕ.

ನೋಡುವ ಕ್ರಮ

ಮೊದಲು ದನವನ್ನು ಗಟ್ಟಿಯಾದ ಸಮನೆಲದ ಮೇಲೆ ನಿಧಾನವಾಗಿ ನಡೆಸಿ ನೋಡಬೇಕು. ಮುಂಗಾಲಿನಲ್ಲಿ ನೋವಿದ್ದರೆ, ಆ ಕಾಲು ನೆಲಕ್ಕೆ ತಾಗಿದಾಗ ದನವು ತಲೆಯನ್ನು ಮೇಲೆತ್ತುತ್ತದೆ. ನಡೆಯುವಾಗ ಬೆನ್ನನ್ನು ಬಿಲ್ಲಿನಂತೆ ಬಾಗಿಸುವುದೂ ನೋವಿನ ಗುರುತೇ. ಕುಂಟುವಿಕೆಯ ಮೂಲ ಬಹುತೇಕ ಪಾದದಲ್ಲಿಯೇ ಇರುತ್ತದೆ; ಆದುದರಿಂದ ತೊಡೆ, ಭುಜಗಳನ್ನು ತಿಕ್ಕುವ ಮೊದಲು ಕಾಲನ್ನೆತ್ತಿ, ಗೊರಸನ್ನು ನೀರಿನಿಂದ ತೊಳೆದು ಪರೀಕ್ಷಿಸಬೇಕು. ಗೊರಸಿನ ಸಂದಿನಲ್ಲಿ ಕಲ್ಲು, ಮುಳ್ಳು, ಮೊಳೆ ಇದೆಯೇ? ದುರ್ವಾಸನೆ, ಹುಣ್ಣು, ಬಾವು ಇದೆಯೇ? ಮುಟ್ಟಿದರೆ ಬಿಸಿಯಾಗಿದೆಯೇ? ಲಾಳ ಕಟ್ಟಿಸಿದ ಒಂದೆರಡು ದಿನಗಳಲ್ಲಿ ಎತ್ತು ಕುಂಟಿದರೆ, ಮೊಳೆಯು ಗೊರಸಿನೊಳಗಿನ ಜೀವಂತ ಭಾಗಕ್ಕೆ ತಾಗಿರುವ ಸಂಭವವುಂಟು.

ಸದಾ ಸಗಣಿ-ಗಂಜಲದ ಕೆಸರಿನಲ್ಲಿ ನಿಲ್ಲುವ ದನಗಳ ಗೊರಸು ಮೆತ್ತಗಾಗಿ ಸಂದಿನಲ್ಲಿ ಕೊಳೆಯುತ್ತದೆ. ಇನ್ನೊಂದು ಕಾರಣ ಹಲವರಿಗೆ ತಿಳಿದಿರುವುದಿಲ್ಲ. ಮದುವೆ, ಜಾತ್ರೆಗಳಲ್ಲಿ ಉಳಿದ ಅನ್ನ, ಪಾಯಸಗಳನ್ನು ಪ್ರೀತಿಯಿಂದ ಒಮ್ಮೆಲೇ ದನಕ್ಕೆ ಸುರಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ, ಅದರ ಪರಿಣಾಮವಾಗಿ ಗೊರಸಿನೊಳಗೆ ಉರಿಯೂತ ಉಂಟಾಗುತ್ತದೆ. ಹುಳಿ ಮಿತಿಮೀರಿದರೆ ಜೀವಕ್ಕೂ ಅಪಾಯ. ಅನ್ನವು ಪ್ರಸಾದವೇ ಆದರೂ ದನಕ್ಕೆ ಹುಲ್ಲೇ ಆಹಾರ.

ಜ್ವರದೊಡನೆ ಕುಂಟಿದರೆ

ಜ್ವರವಿದ್ದರೆ ತಡಮಾಡಬಾರದು. ಇಲ್ಲಿ ಮೂರು ರೋಗಗಳನ್ನು ಮುಖ್ಯವಾಗಿ ನೆನೆಯಬೇಕು.

ಕಾಲುಬಾಯಿ ಜ್ವರದಲ್ಲಿ ಬಾಯಿಂದ ಜೊಲ್ಲು ಸುರಿಯುತ್ತದೆ. ನಾಲಿಗೆಯ ಮೇಲೆ ಹಾಗೂ ಗೊರಸಿನ ಸಂದಿನಲ್ಲಿ ಗುಳ್ಳೆಗಳೆದ್ದು ಒಡೆಯುತ್ತವೆ. ಇದು ಬಹುಬೇಗ ಹರಡುವುದರಿಂದ ರೋಗಿಯನ್ನು ಒಡನೆಯೇ ಬೇರೆ ಕಟ್ಟಬೇಕು. ಎಳೆಗರುಗಳಿಗೆ ಈ ರೋಗ ಮಾರಕವಾಗಬಲ್ಲುದು.

ಮೂರು ದಿನದ ಜ್ವರವು ಸೊಳ್ಳೆ ಮೊದಲಾದ ಕಚ್ಚುವ ಕೀಟಗಳಿಂದ ಬರುತ್ತದೆ. ಮೈ ಬಿಗಿದು, ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟುತ್ತದೆ. ಬಹುಪಾಲು ದನಗಳು ಬೇಗನೆ ಚೇತರಿಸಿಕೊಳ್ಳುತ್ತವೆ. ಆದರೆ ಈ ವೇಳೆ ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ ಗೊಟ್ಟದಲ್ಲಿ ಕಷಾಯ, ಎಣ್ಣೆ ಸುರಿಯಬಾರದು. ಅದು ಶ್ವಾಸಕೋಶಕ್ಕಿಳಿದು, ರೋಗದಿಂದ ಸಾಯದ ದನ ಉಪಚಾರದಿಂದ ಸಾಯುತ್ತದೆ.

ಅತಿ ಭಯಂಕರವಾದುದು ಚಪ್ಪೆ ರೋಗ. 6 ತಿಂಗಳಿಂದ 2 ವರ್ಷದೊಳಗಿನ, ಚೆನ್ನಾಗಿ ಮೈತುಂಬಿದ ಪಡ್ಡೆ ದನಗಳನ್ನೇ ಇದು ಹೆಚ್ಚಾಗಿ ಹಿಡಿಯುತ್ತದೆ. ತೊಡೆ ಅಥವಾ ಭುಜದಲ್ಲಿ ಬಾವು ಬಂದು, ಒತ್ತಿದರೆ ಚರಚರ ಸದ್ದಾಗುತ್ತದೆ. ಇಲ್ಲಿ ಪ್ರತಿ ಗಂಟೆಯೂ ಅಮೂಲ್ಯ; 12ರಿಂದ 48 ಗಂಟೆಗಳಲ್ಲಿ ಸಾವು ಸಂಭವಿಸಬಹುದು. ಸತ್ತ ದನವನ್ನು ಕೊಯ್ಯದೆ, ಚರ್ಮ ಸುಲಿಯದೆ, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಇಲ್ಲವಾದರೆ ರೋಗಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಆರೈಕೆ

ಮೇಲೆಯೇ ಕಾಣುವ ಕಲ್ಲು, ಮುಳ್ಳನ್ನು ತೆಗೆದು, ತಿಳಿಗುಲಾಬಿ ಬಣ್ಣ ಬರುವಷ್ಟು ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿದ ನೀರಿನಿಂದ ಗಾಯವನ್ನು ತೊಳೆದು, ದನವನ್ನು ಒಣಹುಲ್ಲು ಹಾಸಿದ ನೆಲದ ಮೇಲೆ ಕಟ್ಟಬೇಕು. ಮೇವು, ನೀರು ಬಾಯಿಗೆ ಎಟುಕುವಂತಿರಲಿ. ಆಳಕ್ಕೆ ಹೊಕ್ಕ ಮೊಳೆ, ಕೀವು, ಮೂಳೆ ಮುರಿತ, ಜ್ವರ ಇವು ವೈದ್ಯರ ಪಾಲಿನವು. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ದೊರೆಯುತ್ತದೆ. ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಬಾರದು. ಡೈಕ್ಲೋಫಿನಾಕ್ ಔಷಧಿಯನ್ನು ಪಶುಚಿಕಿತ್ಸೆಯಲ್ಲಿ 2006ರಲ್ಲಿಯೇ ನಿಷೇಧಿಸಲಾಗಿದೆ. ಅದನ್ನು ಪಡೆದು ಸತ್ತ ದನವನ್ನು ತಿಂದ ರಣಹದ್ದುಗಳು ಅಳಿಯುತ್ತವೆ.

ನೋವಿದ್ದ ಕಾಲಿಗೆ ಬರೆ ಹಾಕುವ ರೂಢಿಯನ್ನು ಬಿಡಬೇಕು. ಅದು ಒಂದು ನೋವಿನ ಮೇಲೆ ಇನ್ನೊಂದನ್ನು ಹೇರುತ್ತದೆಯೇ ಹೊರತು ಗುಣಪಡಿಸುವುದಿಲ್ಲ. ಹಿಂಗಾಲು ಸೆಟೆದು ಹಿಂದಕ್ಕೆ ಎಳೆಯುವ ಚಿಪ್ಪಿನ ತೊಂದರೆಯನ್ನು ಪಶುವೈದ್ಯರು ಸಣ್ಣ ಶಸ್ತ್ರಕ್ರಿಯೆಯಿಂದ ಸರಿಪಡಿಸಬಲ್ಲರು.

ಕಾಲುಬಾಯಿ ಜ್ವರಕ್ಕೆ 6 ತಿಂಗಳಿಗೊಮ್ಮೆ, ಚಪ್ಪೆ ರೋಗ ಕಾಣುವ ಊರುಗಳಲ್ಲಿ ವರ್ಷಕ್ಕೊಮ್ಮೆ ಮುಂಗಾರಿಗೆ ಮುನ್ನ ಲಸಿಕೆ ಹಾಕಿಸುವುದು, ಕೊಟ್ಟಿಗೆಯನ್ನು ಒಣಗಿಸಿಡುವುದು, ಬೆಳೆದ ಗೊರಸನ್ನು ಕಾಲಕಾಲಕ್ಕೆ ಸವರಿಸುವುದು ಇವೇ ನಿಜವಾದ ರಕ್ಷೆ. ಬಿತ್ತನೆಯ ಹದ ತಪ್ಪುವುದೆಂಬ ಆತುರ ಸಹಜವೇ. ಆದರೂ ನಾಲ್ಕು ಕಾಲುಗಳನ್ನೂ ಸಮನಾಗಿ ಊರಿ ನಡೆಯುವವರೆಗೆ ಎತ್ತಿನ ಹೆಗಲಿಗೆ ನೊಗವಿಡಬಾರದು. ನಮ್ಮ ಕಾಯಕದಲ್ಲಿ ಪಾಲುಗೊಳ್ಳುವ ಮೂಕಜೀವಕ್ಕೆ ಇಷ್ಟು ವಿಶ್ರಾಂತಿಯು ನಾವು ತೋರುವ ದಯೆಯಲ್ಲ, ಅದಕ್ಕೆ ಸಲ್ಲಬೇಕಾದ ಋಣ.