ಥ್ಯಾಕರೆ ಮನೆತನದ ಜಾಡು

ವಿಜಾಪುರ ಸೀಮೆಯ ಲಚ್ಯಾಣದ ಕಡೆ ಸುಗ್ಗಿ ಮುಗಿಯಿತೆಂದರೆ ಹೆಳವರು ಎತ್ತಿನ ಸಂಗಡ ಬರುತ್ತಾರೆ. ಒಕ್ಕಲು ಮನೆಯ ಅಜ್ಜ, ಮುತ್ತಜ್ಜ, ಬೆಡಗು, ಮೂಲ ಊರು ಎಲ್ಲವನ್ನೂ ಒದರಿ ಹೇಳಿ, ಜೋಳ ಇಸಕೊಂಡು ಮುಂದಿನ ಊರಿಗೆ ಹೊರಡುತ್ತಾರೆ. ನಮ್ಮ ನಾಡಿಗೆ ಬಂದ ಇಂಗ್ಲಿಷರಿಗೆ ಹೆಳವರಿರಲಿಲ್ಲ. ಅವರ ವಂಶಾವಳಿಯನ್ನು ಕಾಯ್ದದ್ದು ಚರ್ಚಿನ ದಫ್ತರ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಕಡತ.

ವಿಜಾಪುರ 1818ರಿಂದ 1848ರವರೆಗೆ ಸಾತಾರಾ ರಾಜರ ಕೈಯಲ್ಲಿತ್ತು. ಹಾಗಾಗಿ ಮೊದಮೊದಲ ಇಂಗ್ಲಿಷ್ ಮನೆತನವೊಂದರ ಜಾಡು ಹಿಡಿಯಲು ಧಾರವಾಡಕ್ಕೇ ಹೋಗಬೇಕು. ಅಲ್ಲಿನ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಸತ್ತ. ಚೆನ್ನಮ್ಮನ ಚರಿತ್ರೆ ಓದಿದವರಿಗೆ ಅವನ ಸಾವು ಗೊತ್ತು, ಹುಟ್ಟು ಗೊತ್ತಿಲ್ಲ.

ಜಾಡು ಹಿಡಿಯುವವರು ಸಾವಿನಿಂದ ಹಿಂದಕ್ಕೆ ನಡೆಯುವುದು ವಾಡಿಕೆ. ಮೊದಲು ಸಮಾಧಿಯ ಬರಹ. ಆಮೇಲೆ ಪಾದ್ರಿಗಳು ಬರೆದಿಟ್ಟ ದೀಕ್ಷಾಸ್ನಾನ, ಮದುವೆ, ಹೂಳಿಕೆಯ ಪಟ್ಟಿಗಳು. ಇವುಗಳ ಪ್ರತಿಗಳು ಮದ್ರಾಸು, ಮುಂಬಯಿ, ಕಲ್ಕತ್ತಗಳಿಂದ ಲಂಡನ್ನಿಗೆ ಹೋಗುತ್ತಿದ್ದವು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಕಂಪನಿಯ ‘ರೈಟರ್’ (ಕಿರಿಯ ನೌಕರ) ಕೆಲಸ ಬೇಡಿದ ಹುಡುಗರ ಅರ್ಜಿಗಳೂ ಅಲ್ಲಿಯೇ ಇವೆ. ವಯಸ್ಸಿನ ಪುರಾವೆಯೆಂದು ಅರ್ಜಿಗೆ ಅಂಟಿಸಿದ ದೀಕ್ಷಾಸ್ನಾನದ ಚೀಟಿಯಿಂದ ಇಂಗ್ಲೆಂಡಿನ ಯಾವ ಊರು, ಯಾರ ಮಗ ಎಂಬುದು ಹೊರಬೀಳುತ್ತದೆ.

ಥ್ಯಾಕರೆ ಮನೆತನದಲ್ಲಿ ಎಡವುವುದು ಹೆಸರಿನಲ್ಲಿ. ಸೇಂಟ್ ಜಾನನ ತಂದೆ ವಿಲಿಯಂ ಮೇಕ್‌ಪೀಸ್ ಥ್ಯಾಕರೆ 1766ರಲ್ಲಿ ಬಂಗಾಳಕ್ಕೆ ಬಂದವನು. ಸಿಲ್ಹೆಟ್ಟಿನಲ್ಲಿ ಅಧಿಕಾರಿಯಾಗಿದ್ದುಕೊಂಡೇ ಆನೆ ಹಿಡಿಸಿ ಕಂಪನಿಗೇ ಮಾರಿ ದುಡ್ಡು ಮಾಡಿದ. ‘ವ್ಯಾನಿಟಿ ಫೇರ್’ ಬರೆದ ಕಾದಂಬರಿಕಾರನ ಹೆಸರೂ ಅದೇ. ಅವನು ಮೊಮ್ಮಗ, 1811ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದವನು. ಅಂದರೆ ಕಿತ್ತೂರಿನಲ್ಲಿ ಸತ್ತವನು ಈ ಕಾದಂಬರಿಕಾರನ ಕಾಕಾ. ಕಾದಂಬರಿಕಾರನ ದೊಡ್ಡಪ್ಪ ಇನ್ನೊಬ್ಬ ವಿಲಿಯಂ, ಕಲೆಕ್ಟರ್ ಥಾಮಸ್ ಮನ್ರೋನ ಕೈಕೆಳಗೆ ಬಳ್ಳಾರಿ ಸೀಮೆಯಲ್ಲಿ ದುಡಿದು, 1807ರಲ್ಲಿ ಕೆನರಾ ಜಿಲ್ಲೆಯ ಕಂದಾಯದ ಬಗ್ಗೆ ವರದಿ ಬರೆದ. ಮೂರು ವಿಲಿಯಂ, ಮೂರು ಪೀಳಿಗೆ, ಆದರೆ ಒಂದೇ ನೇರ ಸಾಲಲ್ಲ, ಎರಡು ಕವಲು. ಹೆಸರು ಹೊಂದಿದ ಕೂಡಲೇ ‘ಸಿಕ್ಕಿತು’ ಎಂದು ಹಿಗ್ಗದೆ ವರ್ಷವನ್ನೂ ಊರನ್ನೂ ತಾಳೆ ನೋಡಬೇಕು.

ಪಟ್ಟಿಗಳಿಗಿಂತ ಉಯಿಲು ಹೆಚ್ಚು ಬಾಯಿ ಬಿಡುತ್ತದೆ. ಕಾದಂಬರಿಕಾರನ ತಂದೆ ರಿಚ್ಮಂಡ್ 1815ರಲ್ಲಿ ಕಲ್ಕತ್ತದಲ್ಲಿ ತೀರಿಕೊಂಡ. ಮದುವೆಗೆ ಮೊದಲು ಷಾರ್ಲೆಟ್ ಸೋಫಿಯಾ ರಡ್ ಎಂಬ ಆಂಗ್ಲೋ-ಇಂಡಿಯನ್ ಹೆಂಗಸಿನಿಂದ ಅವನಿಗೆ ಸಾರಾ ಎಂಬ ಮಗಳಿದ್ದಳು. ತಾಯಿ-ಮಗಳಿಬ್ಬರಿಗೂ ಉಯಿಲಿನಲ್ಲಿ ಜೀವನಾಂಶ ಬರೆದಿಟ್ಟ. ವಂಶವೃಕ್ಷವನ್ನು ಅಂದವಾಗಿ ಬಿಡಿಸುವವರು ಇಂಥ ಕೊಂಬೆಯನ್ನೇ ಮೊದಲು ಕತ್ತರಿಸುತ್ತಿದ್ದರು. ಉಯಿಲು ಮಾತ್ರ ಕೋರ್ಟಿನ ಕಾಗದ, ದುಡ್ಡಿನ ಲೆಕ್ಕ. ಅದರಲ್ಲಿ ನಾಚಿಕೆ ನಡೆಯುವುದಿಲ್ಲ. ಆ ಕಾಲದ ಎಷ್ಟೋ ಇಂಗ್ಲಿಷ್ ಮನೆತನಗಳಲ್ಲಿ ಭಾರತದ ತಾಯಂದಿರ ಸುಳಿವು ಸಿಗುವುದು ಹೀಗೆಯೇ. ಅನೇಕ ಪಟ್ಟಿಗಳಲ್ಲಿ ಅವರಿಗೆ ಹೆಸರೇ ಇಲ್ಲ.

ಇದನ್ನು ಕಂಡು ಇಂಗ್ಲಿಷರನ್ನು ಹಳಿಯುವ ಮೊದಲು ನಮ್ಮ ಮನೆಯ ವಂಶಾವಳಿ ತೆರೆದು ನೋಡಿದರೆ ಸಾಕು. ತಂದೆ, ಮಗ, ಮೊಮ್ಮಗ ಎಂದು ಸರಪಳಿ ಸಾಗುತ್ತದೆ. ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಮುಂದಿನ ಸುಗ್ಗಿಗೆ ಹೆಳವಪ್ಪ ಬಂದಾಗ ಅವನ ಹೊತ್ತಿಗೆಯ ಫೋಟೊ ತೆಗೆದಿಡಿ. ಅಕ್ಕತಂಗಿಯರ ಹೆಸರು, ಅವರನ್ನು ಕೊಟ್ಟ ಊರು, ಎರಡನ್ನೂ ಬರೆಸಿರಿ.