ಸರ್ಕಾರಿ ನೀತಿಯನ್ನು ಊರಿನಲ್ಲಿ ನಿಂತು ಓದುವುದು ಹೇಗೆ?



ಪ್ರತಿ ವರ್ಷ ಪ್ರಾಜೆಕ್ಟ್ ಬರೆಯುವ ಸಮಯ ಬಂದಾಗ ನನ್ನ ಮೇಜಿನ ಮೇಲೆ ಬೀಳುವ ವಿಷಯಗಳು ಹೆಚ್ಚು ಕಡಿಮೆ ಒಂದೇ: ಜಿಎಸ್‌ಟಿ, ನೋಟು ಅಮಾನ್ಯೀಕರಣ, ಪಂಚವಾರ್ಷಿಕ ಯೋಜನೆಗಳು. ಮಾಹಿತಿ ಸರಿಯಾಗಿರುತ್ತದೆ, ಅಕ್ಷರವೂ ಅಂದವಾಗಿರುತ್ತದೆ. ಆದರೆ ಅದರಲ್ಲಿ ನಮ್ಮ ಊರು ಇರುವುದಿಲ್ಲ. ಸರ್ಕಾರದ ಒಂದು ನೀತಿ ಭಟ್ಕಳದ ಬಂದರಿಗೆ, ಹೊನ್ನಾವರದ ಮಾರುಕಟ್ಟೆಗೆ, ನಮ್ಮ ಬಾಡದ ಮನೆ ಬಾಗಿಲಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ಪಿಯುಸಿ ವಿದ್ಯಾರ್ಥಿಯೂ ಅಧ್ಯಯನ ಮಾಡಬಹುದು. ಹೇಗೆ ಎಂಬುದನ್ನು ನಮಗೆಲ್ಲ ಗೊತ್ತಿರುವ ಒಂದು ಉದಾಹರಣೆಯಿಂದ ಹೇಳುತ್ತೇನೆ: ಮಳೆಗಾಲದ ಮೀನುಗಾರಿಕೆ ನಿಷೇಧ.

ಮೊದಲು ಆದೇಶವನ್ನು ಓದಿ

‘ಮಳೆಗಾಲದಲ್ಲಿ ಮೀನು ಹಿಡಿಯಬಾರದು’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದೇಶ ಹೇಳುವುದು ಅಷ್ಟೇ ಅಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಪೂರ್ವ ಕರಾವಳಿಯಲ್ಲಿ ಇದೇ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ಉದ್ದೇಶ ಎರಡು: ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲದಲ್ಲಿ ಅವುಗಳನ್ನು ಉಳಿಸುವುದು, ಮತ್ತು ಬಿರುಗಾಳಿಯ ಕಡಲಿನಲ್ಲಿ ಮೀನುಗಾರರ ಜೀವ ಉಳಿಸುವುದು.

ಆದೇಶ ಹೊರಡಿಸುವವರು ಯಾರು? ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಸಂವಿಧಾನದ 7ನೇ ಅನುಸೂಚಿಯನ್ನು ತೆರೆಯಬೇಕು. ಮೀನುಗಾರಿಕೆ ರಾಜ್ಯಪಟ್ಟಿಯ ವಿಷಯ. ಆದರೆ ಪ್ರಾದೇಶಿಕ ಜಲಪ್ರದೇಶದ ಆಚೆಗಿನ ಮೀನುಗಾರಿಕೆ ಕೇಂದ್ರಪಟ್ಟಿಯಲ್ಲಿದೆ. ಹಾಗಾಗಿ ದಡದಿಂದ 12 ನಾಟಿಕಲ್ ಮೈಲಿನವರೆಗೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ರಾಜ್ಯದ ಆದೇಶ, ಅದರಾಚೆಗೆ ಕೇಂದ್ರದ ಆದೇಶ. ಒಂದೇ ನಿಷೇಧದ ಹಿಂದೆ ಎರಡು ಸರ್ಕಾರಗಳಿವೆ. ಅಹವಾಲು ಇದ್ದವರು ಯಾವ ಬಾಗಿಲು ತಟ್ಟಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ.

ಆಮೇಲೆ ಪಟ್ಟಿ ಮಾಡಿ

ಒಂದು ಹಾಳೆಯನ್ನು ಎರಡು ಭಾಗ ಮಾಡಿ. ಎಡಗಡೆ ಆದೇಶದಲ್ಲಿ ಹೆಸರಿರುವವರನ್ನು ಬರೆಯಿರಿ: ಬೋಟಿನ ಮಾಲಕರು, ಮೀನುಗಾರರು, ನಾಡದೋಣಿಯವರು, ಮೀನುಗಾರಿಕೆ ಇಲಾಖೆ, ಕರಾವಳಿ ಕಾವಲು ಪೊಲೀಸರು. ಬಲಗಡೆ ಆದೇಶದಲ್ಲಿ ಹೆಸರಿಲ್ಲದಿದ್ದರೂ ಅದರಿಂದ ಬದುಕು ಬದಲಾಗುವವರನ್ನು ಬರೆಯಿರಿ: ಬುಟ್ಟಿಯಲ್ಲಿ ಮೀನು ಹೊತ್ತು ಮನೆಮನೆಗೆ ಬರುವ ಅಕ್ಕಂದಿರು, ಐಸ್ ಪ್ಲಾಂಟಿನ ಕೆಲಸಗಾರರು, ಮೀನು ಸಾಗಿಸುವ ಟೆಂಪೊ ಚಾಲಕರು, ಬಲೆ ರಿಪೇರಿ ಮಾಡುವವರು, ಹೊರರಾಜ್ಯದಿಂದ ಬಂದ ಬೋಟಿನ ಕಾರ್ಮಿಕರು, ಬಂದರಿನ ಚಹಾದಂಗಡಿಯವರು, ಮೀನಿನ ಊಟದ ಹೋಟೆಲಿನವರು.

ಸಾಮಾನ್ಯವಾಗಿ ಬಲಗಡೆಯ ಪಟ್ಟಿಯೇ ಉದ್ದವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಜವಾದ ಅಧ್ಯಯನ ಶುರುವಾಗುವುದು ಅಲ್ಲಿಂದ. ಎಡಗಡೆಯವರ ಲೆಕ್ಕ ಯಾವುದಾದರೂ ಕಚೇರಿಯಲ್ಲಿ ಇದ್ದೇ ಇರುತ್ತದೆ. ಬಲಗಡೆಯವರ ಲೆಕ್ಕವನ್ನು ಯಾರಾದರೂ ಹೋಗಿ ಕೇಳಿ ಬರೆದುಕೊಂಡು ಬಂದರೆ ಮಾತ್ರ ಇರುತ್ತದೆ.

ಪರಿಹಾರದ ಲೆಕ್ಕ ಹಾಕಿ

ನಿಷೇಧದ ಕಾಲಕ್ಕೆ ‘ಉಳಿತಾಯ ಮತ್ತು ಪರಿಹಾರ ಯೋಜನೆ’ ಇದೆ. ಹಿಂದಿನ ದರದಲ್ಲಿ ಮೀನುಗಾರರು ದುಡಿಮೆಯ ತಿಂಗಳುಗಳಲ್ಲಿ 1,500 ರೂಪಾಯಿ ಉಳಿಸುತ್ತಿದ್ದರು. ಸರ್ಕಾರ 3,000 ರೂಪಾಯಿ ಸೇರಿಸುತ್ತಿತ್ತು. ಒಟ್ಟು 4,500 ರೂಪಾಯಿ, ಮೂರು ತಿಂಗಳ ನೆರವಾಗಿ ಸಿಗುತ್ತಿತ್ತು. ಮೂರು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,500 ರೂಪಾಯಿ. ನಿಷೇಧದ 61 ದಿನಕ್ಕೆ ಮಾತ್ರ ಹಂಚಿದರೂ ದಿನಕ್ಕೆ ಸುಮಾರು 74 ರೂಪಾಯಿ. ಅದರಲ್ಲಿ ಸರ್ಕಾರದ ಪಾಲು ಸುಮಾರು 49 ರೂಪಾಯಿ, ಉಳಿದದ್ದು ಅವರದೇ ಹಣ. ಐದು ಜನರ ಮನೆಗೆ ಇದನ್ನು ಭಾಗಿಸಿ ನೋಡಿ.

ಈ ಲೆಕ್ಕಕ್ಕೆ ಅರ್ಥಶಾಸ್ತ್ರದ ದೊಡ್ಡ ಸೂತ್ರ ಬೇಡ, ಭಾಗಾಕಾರ ಸಾಕು. ಮುಂದಿನ ಪ್ರಶ್ನೆ: ಈ ಹಣ ಪಡೆಯಲು ಹೆಸರು ಎಲ್ಲಿ ನೋಂದಣಿಯಾಗಿರಬೇಕು? ನಿಮ್ಮ ಊರಿನ ಸಂಘದ ಪಟ್ಟಿಯಲ್ಲಿ ಮೀನು ಮಾರುವ ಮಹಿಳೆಯರು ಎಷ್ಟು ಜನ ಇದ್ದಾರೆ? ಮಾರುಕಟ್ಟೆಯಲ್ಲಿ ಕೂರುವವರು ಎಷ್ಟು ಜನ? ಎರಡು ಸಂಖ್ಯೆಗಳ ನಡುವಿನ ಅಂತರವೇ ನಿಮ್ಮ ಅಧ್ಯಯನದ ಮುಖ್ಯ ಫಲಿತಾಂಶ ಆಗಬಹುದು.

ಜೂನ್ ತಿಂಗಳ ಇನ್ನೊಂದು ಸಂಗತಿ ನಮ್ಮ ಕಾಲೇಜಿಗೇ ಸಂಬಂಧಿಸಿದ್ದು. ಬೋಟು ದಡಕ್ಕೆ ಬರುವ ತಿಂಗಳಲ್ಲೇ ಪ್ರವೇಶ ಶುಲ್ಕ, ಪುಸ್ತಕ, ಸಮವಸ್ತ್ರ, ಬಸ್ ಪಾಸ್ ಎಲ್ಲವೂ ಬರುತ್ತವೆ. ನಮ್ಮ ತರಗತಿಗಳಲ್ಲಿ ಖಾರ್ವಿ, ಮೊಗೇರ, ಹರಿಕಂತ್ರ, ದಾಲ್ದಿ ಹೀಗೆ ಕಡಲನ್ನೇ ನಂಬಿದ ಮನೆಗಳ ಮಕ್ಕಳಿದ್ದಾರೆ. ಮೀನುಗಾರಿಕೆಯ ನೀತಿ ಶಿಕ್ಷಣದ ಮೇಲೂ ಪರಿಣಾಮ ಬೀರುತ್ತದೆ ಎಂಬುದು ಯಾವ ಆದೇಶದಲ್ಲೂ ಬರೆದಿಲ್ಲ. ಶುಲ್ಕದ ಕಂತಿನ ದಿನಾಂಕ ನಿರ್ಧರಿಸುವಾಗ ನಾವು ಶಿಕ್ಷಕರೂ ಇದನ್ನು ನೆನಪಿಡಬೇಕು.

ಕಾರಣವನ್ನು ಬೇರ್ಪಡಿಸಿ

ಇಲ್ಲಿ ಒಂದು ಎಚ್ಚರಿಕೆ. ಜೂನ್‌ನಲ್ಲಿ ಮೀನು ದುಬಾರಿಯಾದರೆ ಅದು ನಿಷೇಧದಿಂದಲೇ ಎಂದು ಬರೆಯಬೇಡಿ. ಆದೇಶ ಇಲ್ಲದಿದ್ದರೂ ಆಷಾಢದ ಕಡಲು ಎಷ್ಟೋ ದಿನ ಬೋಟುಗಳನ್ನು ಬಿಡುವುದಿಲ್ಲ. ನೀತಿಯ ಪರಿಣಾಮ ಯಾವುದು, ಮಳೆಯ ಪರಿಣಾಮ ಯಾವುದು? ಇದಕ್ಕೆ ಹೋಲಿಕೆ ಬೇಕು. ಟ್ರಾಲರ್ ಅನ್ನು ತಡೆಯುವುದು ಕಾನೂನು. ನಾಡದೋಣಿಯನ್ನು ತಡೆಯುವುದು ಅಲೆ. ಕಡಲು ಶಾಂತವಾಗಿದ್ದ ದಿನ ನಾಡದೋಣಿಯವರಿಗೆ ಶೆಟ್ಲಿ, ಬಂಗಡೆ ಸಿಕ್ಕಿತೇ, ಅಂದಿನ ದರ ಎಷ್ಟು, ಬೋಟಿನ ಕೆಲಸಗಾರ ಅದೇ ದಿನ ಏನು ಮಾಡಿದ ಎಂದು ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಒಂದು ನೋಟ್‌ಬುಕ್‌ನಲ್ಲಿ ದಿನಕ್ಕೊಂದು ಸಾಲು: ದಿನಾಂಕ, ಕಡಲು ಹೇಗಿತ್ತು, ಎಷ್ಟು ದೋಣಿ ಇಳಿದವು, ಯಾವ ಮೀನು, ಏನು ದರ. 61 ಸಾಲು ಬರೆದರೆ ಅದು ನಿಮ್ಮದೇ ದಾಖಲೆ.

ಹೊರಗಿನ ಅಂಕಿಅಂಶಕ್ಕೆ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳಿವೆ. ಅದರ ಪ್ರಾದೇಶಿಕ ಕೇಂದ್ರ ಕಾರವಾರದಲ್ಲೇ ಇದೆ. ಕಚೇರಿಯಲ್ಲಿ ಮಾಹಿತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳ ಒಳಗೆ ಇರಬೇಕು ಎಂಬ ನಿಯಮವಿದೆ. ಆದ್ದರಿಂದ ಪ್ರಶ್ನೆ ಚಿಕ್ಕದಾಗಿ, ಸ್ಪಷ್ಟವಾಗಿ ಇರಲಿ.

ಲೆಕ್ಕಕ್ಕೆ ಬಂದರೆ ಏನಾಗುತ್ತದೆ?

‘ಸರ್, ನಾವು ಎಣಿಸಿದರೆ ಏನು ಪ್ರಯೋಜನ’ ಎಂದು ಕೇಳುವವರಿಗೆ ಬಾಡದ ಹತ್ತಿರದ ಅಘನಾಶಿನಿ ಅಳಿವೆಯ ವಿಷಯ ಹೇಳುತ್ತೇನೆ. 2000ದ ದಶಕದಲ್ಲಿ ತದಡಿಯಲ್ಲಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಇತ್ತು. ಇಳಿತದ ಹೊತ್ತಿನಲ್ಲಿ ನೀರಿಗಿಳಿದು ಬಳಚು ಹೆಕ್ಕುವವರು ಅಳಿವೆಯಲ್ಲಿ ಮೊದಲಿನಿಂದಲೂ ಇದ್ದರು, ಅವರಲ್ಲಿ ಮಹಿಳೆಯರೂ ಬಹಳ. ಆದರೆ ಅವರ ದುಡಿಮೆಯ ಬೆಲೆ ಎಷ್ಟು ಎಂದು ಹೇಳುವ ಅಂಕಿ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎಣಿಸಿದರು: ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಮೀನು, ಅಂದಿನ ದರದಲ್ಲಿ ಸುಮಾರು 5.78 ಕೋಟಿ ರೂಪಾಯಿ, 2,300ಕ್ಕೂ ಹೆಚ್ಚು ಜನರಿಗೆ ಕೆಲಸ.

ಸ್ಥಾವರ ತದಡಿಗೆ ಬರಲಿಲ್ಲ. ಅದಕ್ಕೆ ಜನರ ಹೋರಾಟವೂ ಸೇರಿ ಹಲವು ಕಾರಣಗಳಿವೆ. ಒಂದು ವರದಿಯೇ ತಡೆಯಿತು ಎಂದು ನಾನು ಹೇಳುವುದಿಲ್ಲ. ಆದರೆ 2024ರ ಜನವರಿಯಲ್ಲಿ ಈ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂದು ಘೋಷಣೆಯಾದಾಗ, 6,000ದಿಂದ 7,500 ಕುಟುಂಬಗಳ ಜೀವನೋಪಾಯ ಇದರ ಮೇಲಿದೆ ಎಂದು ಸರ್ಕಾರದ ಪ್ರಕಟಣೆಯೇ ಹೇಳಿತು. ಮೀನುಗಾರಿಕೆ, ಗಜನಿ ಭತ್ತದ ಬೇಸಾಯ, ಬಳಚು, ಏಡಿ, ಉಪ್ಪು ಎಲ್ಲವೂ ಅದರಲ್ಲಿವೆ. ಬಲಗಡೆಯ ಪಟ್ಟಿಯಲ್ಲಿದ್ದವರು ಎಡಗಡೆಗೆ ಬರುವುದು ಹೀಗೆ.

ಕೇಳುವ ರೀತಿ

ಕೊನೆಯದಾಗಿ ಕೆಲವು ಮಾತು. ವ್ಯಾಪಾರದ ಹೊತ್ತಿನಲ್ಲಿ ಹೋಗಿ ತೊಂದರೆ ಕೊಡಬೇಡಿ. ಕೊಂಕಣಿ, ನವಾಯತಿ, ಕನ್ನಡ, ಅವರಿಗೆ ಯಾವುದು ಹಿತವೋ ಆ ಭಾಷೆಯಲ್ಲಿ ಕೇಳಿ. ಹೆಂಗಸರ ದುಡಿಮೆಯ ಬಗ್ಗೆ ಮನೆಯ ಗಂಡಸರನ್ನು ಕೇಳಬೇಡಿ, ಅವರನ್ನೇ ಕೇಳಿ. ‘ಕಷ್ಟ ಆಗುತ್ತದಾ’ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ‘ಕಳೆದ ಜೂನ್‌ನಲ್ಲಿ ಎಷ್ಟು ದಿನ ಕೆಲಸ ಇತ್ತು, ಸಾಲ ಎಲ್ಲಿಂದ ತಂದಿರಿ’ ಎಂದು ಕೇಳಿ. ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟರೆ ಅದನ್ನು ಉಳಿಸಿಕೊಳ್ಳಿ. ಜನ ನಂಬಿ ಹೇಳಿದ್ದು ನಮ್ಮ ಬಳಿ ಇರುವ ಅಮಾನತು.

ಬರೆದು ಮುಗಿಸಿದ ಮೇಲೆ ಒಂದು ಪ್ರತಿ ನನಗೆ ಕೊಡಿ, ಅಂಕಕ್ಕಾಗಿ. ಇನ್ನೊಂದು ಪ್ರತಿಯನ್ನು ನಿಮ್ಮ ಗ್ರಾಮ ಪಂಚಾಯಿತಿಗೆ ಕೊಟ್ಟು, ಮುಂದಿನ ಗ್ರಾಮಸಭೆಯಲ್ಲಿ ಓದಲು ಅವಕಾಶ ಕೇಳಿ. ನಿಮಗೆ ಉತ್ತರ ಕೊಟ್ಟವರು ಆ ಸಭೆಯಲ್ಲಿ ಕೂತು ಕೇಳಲಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.