ಆರ್ಡರ್ ಆಯ್ತು, ಮಗುವಿನ ದುಡ್ಡು ಎಲ್ಲಿ?

ಗಂಡನಿಂದ ದೂರವಾಗಿ ಮಕ್ಕಳನ್ನು ಸಾಕುತ್ತಿರುವ ಅನೇಕ ತಾಯಂದಿರು ಜೀವನಾಂಶದ ಆದೇಶ ಬಂದ ಕೂಡಲೇ ‘ಅಬ್ಬಾ, ಮುಗೀತು’ ಅಂದುಕೊಳ್ಳುತ್ತಾರೆ. ಎರಡು ತಿಂಗಳು ದುಡ್ಡು ಬರುತ್ತೆ, ಮೂರನೇ ತಿಂಗಳು ನಿಂತುಹೋಗುತ್ತೆ. ಆಗ ಏನು ಮಾಡೋದು?

ಮೊದಲು ಕಾನೂನು ಯಾವುದು ಅಂತ ನೋಡೋಣ. ಹಳೆಯ ಸಿಆರ್‌ಪಿಸಿ 125ನೇ ಕಲಂ ಈಗಿಲ್ಲ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಧರ್ಮ ಯಾವುದೇ ಇರಲಿ, ಅಪ್ಪ-ಅಮ್ಮನಿಗೆ ಮದುವೆ ಆಗಿರಲಿ ಬಿಡಲಿ, ಮಗುವಿಗೆ ಹಕ್ಕಿದೆ. ಹೆಂಡತಿ ತಾನು ವಾಸವಿರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು.

ಸಂಬಳದಲ್ಲಿ ಇಷ್ಟು ಪಾಲು ಎಂಬ ಸಿದ್ಧ ಲೆಕ್ಕ ಈ ಕಲಂನಲ್ಲಿಲ್ಲ. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆದಾಯ, ಆಸ್ತಿ, ಸಾಲದ ವಿವರವನ್ನು ಇಬ್ಬರೂ ಅಫಿಡವಿಟ್‌ನಲ್ಲಿ ಕೊಡಬೇಕು ಎಂದಿತು. (ಇಬ್ಬರೂ! ದುಡಿಯುವ ತಾಯಿಯ ಸಂಬಳವೂ ಲೆಕ್ಕಕ್ಕೆ ಬರುತ್ತೆ. ಹಾಗಂತ ಅಪ್ಪನ ಹೊಣೆ ಮಾಫಿ ಆಗಲ್ಲ.) ಸ್ಕೂಲ್ ಫೀಸು, ಔಷಧಿ, ಬಾಡಿಗೆಯ ರಸೀದಿಗಳನ್ನು ಜೋಪಾನವಾಗಿಡಿ. ಅದೇ ತೀರ್ಪಿನ ಪ್ರಕಾರ ಜೀವನಾಂಶ ಕೊಡಬೇಕಾದದ್ದು ಅರ್ಜಿ ಹಾಕಿದ ದಿನದಿಂದ. ‘ಹಿರಿಯರು ಮಾತಾಡ್ತಾರೆ, ಹಬ್ಬ ಮುಗೀಲಿ’ ಎಂದು ಕಾದ ತಿಂಗಳುಗಳು ಆ ಲೆಕ್ಕಕ್ಕೆ ಸೇರುವುದಿಲ್ಲ.

ಒಂದನೇ ಕ್ಲಾಸಿನ ಖರ್ಚಿಗೆ ನಿಗದಿಯಾದ ಮೊತ್ತ ಹೈಸ್ಕೂಲಿಗೆ ಸಾಲುತ್ತಾ? ಸಾಲದಿದ್ದರೆ 146ನೇ ಕಲಂ ಅಡಿ ಹೆಚ್ಚಿಸಲು ಕೇಳಬಹುದು. ಕೆಲಸ ಕಳೆದುಕೊಂಡ ಅಪ್ಪನೂ ಕಡಿಮೆ ಮಾಡಿ ಎಂದು ಕೇಳಬಹುದು. ಆದರೆ ಕೋರ್ಟಿಗೆ ಹೋಗದೆ ತಾನೇ ಕಡಿತ ಮಾಡುವಂತಿಲ್ಲ.

ಇನ್ನು ಬಾಕಿ ವಸೂಲಿ. ಇಲ್ಲೇ ಬಹಳ ಜನ ಎಡವೋದು. ಯಾವ ತಿಂಗಳ ಹಣ ಬಂದಿಲ್ಲವೋ, ಅದು ಬರಬೇಕಿದ್ದ ದಿನದಿಂದ ಒಂದು ವರ್ಷದೊಳಗೆ ಕೋರ್ಟಿಗೆ ಅರ್ಜಿ ಕೊಡಬೇಕು. ಆಮೇಲೆ ಹೋದರೆ ಆ ತಿಂಗಳ ಹಣಕ್ಕೆ ಈ ಕಲಂ ಅಡಿ ವಾರಂಟ್ ಹೊರಡಿಸುವುದಿಲ್ಲ. ‘ಮುಂದಿನ ತಿಂಗಳು ಒಟ್ಟಿಗೆ ಕೊಡ್ತೀನಿ’ ಎಂಬ ಮಾತು ನಂಬಿ ಕೂತವರಿಗೆ ನಷ್ಟ ಆಗುವುದು ಹೀಗೆ. ಸಕಾರಣವಿಲ್ಲದೆ ಕೊಡದಿದ್ದರೆ, ವಾರಂಟ್ ನಂತರವೂ ಉಳಿದ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿಬಂದರೆ ಸಾಲ ತೀರಿತು ಅನ್ನೋದು ತಪ್ಪು; 1988ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಅಂದ ಹಾಗೆ, ದುಡ್ಡನ್ನು ಕೈಗೆ ಇಸಿದುಕೊಳ್ಳಬೇಡಿ, ಖಾತೆಗೇ ಹಾಕಿಸಿಕೊಳ್ಳಿ. ಯಾವ ತಿಂಗಳು ಬಂತು, ಯಾವುದು ಬರಲಿಲ್ಲ ಅನ್ನೋದನ್ನ ಪಾಸ್‌ಬುಕ್ಕೇ ಹೇಳುತ್ತೆ.